ಬಣ್ಣದ ಟೇಪ್ ಸ್ನಾಯುವಿಗೆ ಏನು ಮಾಡುತ್ತದೆ: ಅಂಟಿಸುವ ಮುಂಚೆ, ಅಂಟಿಸುವಾಗ, ಕೀಳುವಾಗ

ಹೊನಲು ಬೆಳಕಿನ ಕಬಡ್ಡಿ ಶುರುವಾಯಿತೆಂದರೆ ನನ್ನ ಫಿಸಿಯೊ ಕೋಣೆಗೆ ಹುಡುಗರು ಹಿಂಡು ಕಟ್ಟಿಕೊಂಡು ಬರುತ್ತಾರೆ. ಕೇಳುವುದು ಒಂದೇ ಮಾತು: "ಸಾರ್, ಪವರ್ ಟೇಪ್ ಹಾಕ್ಬಿಡಿ." ನೋವಿದೆಯಾ? ಇಲ್ಲ. ಉಳುಕಿದೆಯಾ? ಅದೂ ಇಲ್ಲ. ಟಿವಿಯಲ್ಲಿ ಯಾರೋ ರೈಡರ್ ತೊಡೆಯ ಮೇಲೆ ನೀಲಿ ಪಟ್ಟಿ ಕಂಡಿದೆ, ಅಂದಮೇಲೆ ತಮಗೂ ಬೇಕು. ಅವರಲ್ಲಿ ಒಬ್ಬನಂತೂ ಕಪ್ಪು ಬಣ್ಣದ್ದಕ್ಕೆ ಜಾಸ್ತಿ ಪವರ್ ಅಂತ ನನಗೇ ಪಾಠ ಮಾಡಿದ್ದ. ಬಣ್ಣಕ್ಕೂ ಕೆಲಸಕ್ಕೂ ಸಂಬಂಧವಿಲ್ಲ. ಕಪ್ಪು, ಗುಲಾಬಿ, ನೀಲಿ, ಚರ್ಮದ ಬಣ್ಣ, ಎಲ್ಲ ಒಂದೇ ಬಟ್ಟೆ.

ಕಿನೀಸಿಯೊ ಟೇಪ್ ಎನ್ನುವ ಈ ಹಿಗ್ಗುವ ಟೇಪನ್ನು 1970ರ ದಶಕದಲ್ಲಿ ರೂಪಿಸಿದ್ದು ಜಪಾನಿನ ಕೈರೊಪ್ರಾಕ್ಟರ್ (ಬೆನ್ನೆಲುಬು, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವ) ಕೆಂಜೊ ಕಾಸೆ. ಲೋಕಕ್ಕೆಲ್ಲ ಗೊತ್ತಾಗಿದ್ದು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ. ಅದನ್ನು ಮಾರುವ ಕಂಪನಿ 58 ದೇಶಗಳ ತಂಡಗಳಿಗೆ ಟೇಪನ್ನು ಪುಕ್ಕಟೆ ಹಂಚಿತ್ತು. ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಭುಜದ ಮೇಲಿನ ಕಪ್ಪು ಪಟ್ಟಿ ಪ್ರತಿ ಪಂದ್ಯದಲ್ಲೂ ಕ್ಯಾಮೆರಾಕ್ಕೆ ಸಿಕ್ಕಿತು, ಆಕೆ ಚಿನ್ನವನ್ನೂ ಗೆದ್ದಳು. ಜಾಹೀರಾತಿಗೆ ಇನ್ನೇನು ಬೇಕು.

ಹತ್ತಿಯ ಬಟ್ಟೆ, ಅದರೊಳಗೆ ಹಿಗ್ಗುವ ಎಳೆ, ಹಿಂದೆ ಅಲೆಅಲೆಯಾಗಿ ಬಳಿದ ಅಕ್ರಿಲಿಕ್ ಅಂಟು. ಟೇಪ್ ಅಂದರೆ ಇಷ್ಟೇ. ಔಷಧಿ ಏನೂ ಇಲ್ಲ. ಉದ್ದಕ್ಕೆ ಮಾತ್ರ ಹಿಗ್ಗುತ್ತದೆ, ಅಡ್ಡಕ್ಕೆ ಹಿಗ್ಗುವುದಿಲ್ಲ. ಸಾಮಾನ್ಯವಾಗಿ ಸಿಗುವ ರೋಲ್ 5 ಸೆಂಟಿಮೀಟರ್ ಅಗಲ, 5 ಮೀಟರ್ ಉದ್ದ. ಕ್ರಿಕೆಟಿಗರ ಬೆರಳಿಗೆ, ಪಾದದ ಕೀಲಿಗೆ ಸುತ್ತುವ ಬಿಳಿ ಗಟ್ಟಿ ಟೇಪೇ ಬೇರೆ, ಅದು ಕೀಲನ್ನು ಅಲ್ಲಾಡದಂತೆ ಹಿಡಿಯುತ್ತದೆ. ಈ ಲೇಖನ ಅದರ ಬಗ್ಗೆ ಅಲ್ಲ.

ಶಕ್ತಿ ಬರುತ್ತದಾ?

ಬರುವುದಿಲ್ಲ. ಆರೋಗ್ಯವಂತರ ಸ್ನಾಯುಬಲದ ಮೇಲೆ ಈ ಟೇಪಿನ ಪರಿಣಾಮ ಏನೆಂದು ನೋಡಲು 19 ಅಧ್ಯಯನಗಳನ್ನು, ಒಟ್ಟು 530 ಜನರ ಫಲಿತಾಂಶಗಳನ್ನು ಸೇರಿಸಿ ಲೆಕ್ಕ ಹಾಕಿದ ವಿಶ್ಲೇಷಣೆಯೊಂದು 2015ರಲ್ಲಿ ಪ್ರಕಟವಾಯಿತು. ತೊಡೆ, ಮೀನಖಂಡ, ಕೈ, ಯಾವ ಸ್ನಾಯುವಿಗೇ ಹಾಕಲಿ, ಸಿಕ್ಕ ಲಾಭ ಲೆಕ್ಕಕ್ಕೆ ಬಾರದಷ್ಟು ಸಣ್ಣದು.

ನನಗೆ ಇನ್ನೂ ಇಷ್ಟವಾದದ್ದು ಅದೇ ವರ್ಷ ಹಾಂಗ್‌ಕಾಂಗ್‌ನಿಂದ ಬಂದ ಪುಟ್ಟ ಪ್ರಯೋಗ. ಸಂಶೋಧಕರು 30 ಜನರ ತೊಡೆಗೆ ಟೇಪ್ ಅಂಟಿಸಿದರು, ಆದರೆ ಟೇಪ್ ಅಂತ ಹೇಳಲಿಲ್ಲ. ಸ್ನಾಯು ಅಳೆಯುವ ಸೆನ್ಸರ್ ಅಂಟಿಸುತ್ತಿದ್ದೇವೆ ಎಂದು ಸುಳ್ಳು ಹೇಳಿ, ಕಣ್ಣಿಗೆ ಬಟ್ಟೆ ಕಟ್ಟಿ, ಯಂತ್ರದಲ್ಲಿ ಕಾಲು ಒದೆಸಿದರು. ಒಮ್ಮೆ ಸರಿಯಾದ ಎಳೆತದ ಟೇಪ್, ಒಮ್ಮೆ ಹೆಸರಿಗೆ ಮಾತ್ರ ಅಂಟಿಸಿದ ಟೇಪ್, ಒಮ್ಮೆ ಏನೂ ಇಲ್ಲ. ಮೂರರಲ್ಲೂ ಬಲ ಒಂದೇ. ಟೇಪ್ ಹಾಕಿದ್ದಾರೆ ಎಂಬ ನಂಬಿಕೆಯನ್ನು ತೆಗೆದುಬಿಟ್ಟರೆ ಟೇಪಿನ ಪವರ್ರೂ ಹೋಯಿತು.

ಯೋಚಿಸಿದರೆ ಆಶ್ಚರ್ಯವೇನಿಲ್ಲ. ಒಂದು ಕಾಲಲ್ಲಿ ಮೆಟ್ಟಿಲು ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಎಳೆಯುವ ಬಲ ನಮ್ಮ ಮೈತೂಕಕ್ಕಿಂತ ಹೆಚ್ಚು. ಎರಡು ಬೆರಳಲ್ಲಿ ಹಿಡಿದೆಳೆದರೆ ಹಿಗ್ಗುವ ಬಟ್ಟೆ ಅದಕ್ಕೆ ಎಷ್ಟರ ಹೆಗಲು ಕೊಟ್ಟೀತು? ಸ್ನಾಯುವಿಗೆ ಬಲ ಬರುವುದು ಎಳೆಗಳು ದಪ್ಪವಾದಾಗ, ನರಗಳು ಹೆಚ್ಚು ಎಳೆಗಳನ್ನು ಒಟ್ಟಿಗೆ ಕೆಲಸಕ್ಕೆ ಕರೆದಾಗ. ಅದಕ್ಕೆ ವಾರಗಟ್ಟಲೆ ಭಾರ ಎತ್ತಬೇಕು.

ಸ್ನಾಯು ಒಂದು ಮೂಳೆಯಲ್ಲಿ ಹುಟ್ಟುವ ಕಡೆಯಿಂದ ಇನ್ನೊಂದು ಮೂಳೆಗೆ ಸೇರುವ ಕಡೆಗೆ ಅಂಟಿಸಿದರೆ ಅದು ಚುರುಕಾಗುತ್ತದೆ, ಉಲ್ಟಾ ಅಂಟಿಸಿದರೆ ಸಡಿಲವಾಗುತ್ತದೆ ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದರು. ಬಹಳ ವರ್ಷ ನಾನೂ ಹಾಗೇ ಬಾಣ ಹಾಕಿ ಬಾಣ ಹಾಕಿ ಅಂಟಿಸುತ್ತಿದ್ದೆ. ಈಗ ಕೈಗೆ ಯಾವ ಕಡೆಯಿಂದ ಸಲೀಸೋ ಆ ಕಡೆಯಿಂದ ಅಂಟಿಸುತ್ತೇನೆ. ಟೇಪಿನ ಸುಕ್ಕುಗಳು ಚರ್ಮವನ್ನು ಮೇಲೆತ್ತಿ ರಕ್ತ ಹರಿಯಲು ಜಾಗ ಮಾಡಿಕೊಡುತ್ತವೆ ಎಂಬುದು ಇನ್ನೊಂದು ಮಾತು. ಬ್ರೆಜಿಲ್‌ನಲ್ಲಿ ಹಳೆಯ ಸೊಂಟನೋವಿನ 148 ಜನರ ಮೇಲೆ 2014ರಲ್ಲಿ ಇದನ್ನೇ ಪರೀಕ್ಷಿಸಿದರು. ಅರ್ಧ ಜನಕ್ಕೆ ಸುಕ್ಕು ಬರುವಂತೆ ಎಳೆದು, ಉಳಿದವರಿಗೆ ಎಳೆಯದೆ ಸುಕ್ಕಿಲ್ಲದಂತೆ. ಎರಡೂ ಗುಂಪಿನ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಮತ್ತೆ ಯಾಕೆ ಇನ್ನೂ ಅಂಟಿಸುತ್ತೀರಿ ಎಂದು ಕೇಳುತ್ತೀರಿ. ಕೆಲವರಿಗೆ, ಕೆಲವು ನೋವಿಗೆ, ಸ್ವಲ್ಪ ಹೊತ್ತು ಆರಾಮ ಸಿಗುತ್ತದೆ, ಅದಕ್ಕೆ. 2008ರಲ್ಲಿ ಭುಜನೋವಿದ್ದ 42 ವಿದ್ಯಾರ್ಥಿಗಳ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದಲ್ಲಿ ಟೇಪ್ ಹಾಕಿದ ಕೂಡಲೇ ನೋವಿಲ್ಲದೆ ಕೈ ಎತ್ತುವ ಎತ್ತರ ಹೆಚ್ಚಿತು. ಹೆಸರಿಗೆ ಮಾತ್ರ ಟೇಪ್ ಅಂಟಿಸಿಕೊಂಡವರ ಮುಂದೆ ಆ ಮೇಲುಗೈ ದಿನ ಕಳೆದಂತೆ ಉಳಿಯಲಿಲ್ಲ. ನೋಯುವ ಜಾಗವನ್ನು ನಾವೇ ಕೈಯಿಂದ ಒತ್ತಿ ಹಿಡಿದುಕೊಳ್ಳುತ್ತೇವಲ್ಲ, ಚರ್ಮದ ಸ್ಪರ್ಶ ಮಿದುಳಿಗೆ ಮುಟ್ಟುವಾಗ ನೋವಿನ ಸುದ್ದಿ ಸ್ವಲ್ಪ ಹಿಂದೆ ಸರಿಯುತ್ತದೆ. ಟೇಪ್ ಕೆಲಸ ಮಾಡಿದಾಗ ಹೆಚ್ಚುಕಮ್ಮಿ ಹೀಗೇ ಮಾಡುತ್ತದೆ ಎಂಬುದು ನನ್ನ ಎಣಿಕೆ. ಆ ಆರಾಮದ ಹೊತ್ತಲ್ಲಿ ವ್ಯಾಯಾಮ ಮಾಡಿಸಿಬಿಡುವುದು ನನ್ನ ಉಪಾಯ.

ಅಂಟಿಸಲೇಬಾರದ ಕಡೆ

ಗಾಯ, ಕಜ್ಜಿ, ಸೋಂಕು, ಸುಟ್ಟ ಚರ್ಮ, ಆಪರೇಷನ್ನಿನ ಹಸಿ ಹೊಲಿಗೆ, ಗಡ್ಡೆ ಇರುವ ಜಾಗ, ಇಲ್ಲೆಲ್ಲ ಬೇಡ. ವಯಸ್ಸಾದವರ ತೆಳು ಚರ್ಮಕ್ಕೆ ಬೇಡ, ಕೀಳುವಾಗ ಸಿಪ್ಪೆಯೇ ಎದ್ದು ಬರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರಿಗೆ ಟೇಪ್ ಉರಿದರೂ ಗೊತ್ತಾಗುವುದಿಲ್ಲ, ಅವರಿಗೂ ಬೇಡ. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ಕಾಲು ಊದಿದ್ದರೆ, ಗರ್ಭಿಣಿಯಾಗಿದ್ದರೆ ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ರಾತ್ರಿಯಿಡೀ ಬಸ್ಸಲ್ಲಿ ಕೂತು ಬಂದ ಮೇಲೆ, ವಿಮಾನದ ದೂರದ ಪಯಣದ ಮೇಲೆ, ಅಥವಾ ಆಪರೇಷನ್ ಆಗಿ ಮಲಗಿ ಎದ್ದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದು ಸ್ನಾಯುಸೆಳೆತ ಅಂತ ಟೇಪ್ ಹಾಕಿಕೊಂಡು ಕೂರಬೇಡಿ, ಎಣ್ಣೆ ಹಾಕಿ ತಿಕ್ಕಿಸಲೂ ಬೇಡಿ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ. ಹಾಗೇ ಆಡುವಾಗ ಟಪ್ ಎಂದು ಸದ್ದಾಗಿ, ಕಾಲೂರಲು ಆಗದಿದ್ದರೂ ಟೇಪಿನ ಮಾತು ಆಮೇಲೆ.

ಹಿಂದಿನ ದಿನ

ಒಂದು ಇಂಚಿನ ತುಂಡು ಕತ್ತರಿಸಿ, ಎಳೆಯದೆ, ಮುಂಗೈ ಒಳಭಾಗಕ್ಕೆ ಅಂಟಿಸಿ ಒಂದು ದಿನ ಬಿಡಿ. ತುರಿಕೆ, ಕೆಂಪು, ಗುಳ್ಳೆ ಬಂದರೆ ಆ ಅಂಟು ನಿಮಗೆ ಆಗುವುದಿಲ್ಲ. ಮುಗಿಯಿತು.

ಆಮೇಲೆ ಸ್ಕೇಲ್ ತೆಗೆದುಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಅರ್ಧ ತಪ್ಪುಗಳು ಇಲ್ಲೇ ನಿಲ್ಲುತ್ತವೆ. "ಕಾಲು ಭಾಗ ಎಳೆಯಿರಿ, ಅರ್ಧ ಎಳೆಯಿರಿ" ಎನ್ನುತ್ತಾರಲ್ಲ, ಅದು ಟೇಪ್ ಎಷ್ಟು ಹಿಗ್ಗಬಲ್ಲದೋ ಅದರ ಕಾಲು, ಅದರ ಅರ್ಧ. ಕಾಗದದ ಮೇಲಿದ್ದಾಗ 10 ಸೆಂಟಿಮೀಟರ್ ಇರುವ ತುಂಡು ಕತ್ತರಿಸಿ. ಕಾಗದ ಬಿಡಿಸಿ, ಸ್ಕೇಲಿನ ಮೇಲೆ ಹಿಡಿದು ಇನ್ನು ಬಾರದು ಅನ್ನುವವರೆಗೆ ಎಳೆಯಿರಿ. 15ಕ್ಕೆ ಬಂತು ಎಂದುಕೊಳ್ಳೋಣ. ಹಾಗಾದರೆ ನಿಮ್ಮ ಟೇಪಿನ ಪೂರ್ತಿ ಹಿಗ್ಗು 5 ಸೆಂಟಿಮೀಟರ್. ಕಾಲು ಭಾಗದ ಎಳೆತ ಅಂದರೆ 10 ಸೆಂಟಿಮೀಟರ್ 11.25 ಆಗಬೇಕು, ಅರ್ಧ ಅಂದರೆ 12.5. ಒಮ್ಮೆ ಕಣ್ಣಿಂದ ನೋಡಿದರೆ ಕಾಲು ಭಾಗ ಎಷ್ಟು ಕಡಿಮೆ ಅಂತ ಆಶ್ಚರ್ಯವಾಗುತ್ತದೆ. ಮೊದಲ ಸಲ ಎಲ್ಲರೂ ಅದರ ಮೂರು ಪಟ್ಟು ಎಳೆದಿರುತ್ತಾರೆ.

ನಾನೂ ಎಳೆದಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಶಟಲ್ ಆಡುವ ಹುಚ್ಚಿನಲ್ಲಿ, ನನ್ನದೇ ಮೀನಖಂಡಕ್ಕೆ ಈ ತುದಿಯಿಂದ ಆ ತುದಿಯವರೆಗೆ ಜಗ್ಗಿ ಅಂಟಿಸಿಕೊಂಡೆ. ಬಿಗಿಯಾಗಿದ್ದಷ್ಟೂ ಒಳ್ಳೆಯದು ಎಂಬ ಭ್ರಮೆ. ಬೆಳಗ್ಗೆ ಎದ್ದು ನೋಡಿದರೆ ಟೇಪಿನ ಕೆಳತುದಿ ಇದ್ದಲ್ಲಿ ಹುಣಸೆ ಬೀಜದ ಗಾತ್ರದ ನೀರುಗುಳ್ಳೆಗಳು ಸಾಲಾಗಿ. ಟೇಪ್ ಹಿಂದಕ್ಕೆ ಕುಗ್ಗಲು ನೋಡುತ್ತದೆ, ಚರ್ಮವನ್ನೂ ಜೊತೆಗೆ ಎಳೆಯುತ್ತದೆ, ಎಳೆತವೆಲ್ಲ ತುದಿಯಲ್ಲಿ ಸೇರುತ್ತದೆ. ಆ ಕಲೆ ಹೋಗಲು ತಿಂಗಳೇ ಹಿಡಿಯಿತು. ಆದ್ದರಿಂದ ಎರಡೂ ತುದಿಯ ಮೂರು ಬೆರಳಗಲದಷ್ಟು ಟೇಪನ್ನು ಯಾವತ್ತೂ, ಯಾವ ಕಾರಣಕ್ಕೂ ಎಳೆಯಬಾರದು. ಸುಮ್ಮನೆ ಹಾಸಬೇಕು.

ಅಂಟಿಸುವ ದಿನ: ಮಂಡಿ

ಮಂಡಿಚಿಪ್ಪಿನ ಸುತ್ತ, ಮುಂಭಾಗದಲ್ಲಿ, ಮೆಟ್ಟಿಲಿಳಿಯುವಾಗ, ಕುಕ್ಕರುಗಾಲಲ್ಲಿ ಕೂತಾಗ ನೋಯುವುದಕ್ಕೆ ಈ ಕ್ರಮ. ಓಡುವವರಲ್ಲಿ, ಕಬಡ್ಡಿ, ಖೊಖೊ ಆಡುವವರಲ್ಲಿ ಹೆಚ್ಚು.

ಆಟಕ್ಕೆ ಒಂದು ಗಂಟೆ ಮುಂಚೆ ಶುರುಮಾಡಿ, ಬೆವರಿದ ಮೇಲೆ ಅಂಟು ಹಿಡಿಯುವುದಿಲ್ಲ. ನಮ್ಮ ಕಡೆಯ ದೊಡ್ಡ ಶತ್ರು ಕೊಬ್ಬರಿ ಎಣ್ಣೆ. ಸ್ನಾನ ಮಾಡಿಯೇ ಬಂದಿದ್ದೇನೆ ಸಾರ್ ಅನ್ನುತ್ತಾರೆ, ಸ್ನಾನದ ಮೇಲೆ ಎಣ್ಣೆ ಸವರಿದ್ದನ್ನು ಹೇಳುವುದಿಲ್ಲ. ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿ ಒಣಗಿಸಿ. ನೋವಿನ ಮುಲಾಮು ಹಚ್ಚಿದ್ದರೆ ಅದನ್ನೂ ತೊಳೆಯಬೇಕು. ಮುಲಾಮಿನ ಮೇಲೆ ಟೇಪ್ ಹಾಕಿದರೆ ಉರಿ ತಡೆಯಲಾಗುವುದಿಲ್ಲ. ಕೂದಲು ದಟ್ಟವಾಗಿದ್ದರೆ ಟ್ರಿಮ್ಮರಿನಲ್ಲಿ ಕತ್ತರಿಸಿ, ಬ್ಲೇಡ್ ಹಾಕಬೇಡಿ. ಬ್ಲೇಡಿನ ಕಣ್ಣಿಗೆ ಕಾಣದ ಗೀರುಗಳ ಮೇಲೆ ಅಂಟು ಕೂತರೆ ಕೆರೆತ.

ಟೇಪ್ ಹಾಕುವ ಮುಂಚೆ ನೋವನ್ನು ಅಳೆದುಕೊಳ್ಳಿ. ಕುರ್ಚಿಯಿಂದ, ನೋವಿರುವ ಕಾಲಿನ ಮೇಲೇ ಹೆಚ್ಚು ಭಾರ ಹಾಕಿ, 5 ಸಲ ನಿಧಾನವಾಗಿ ಎದ್ದು ಕೂರಿ. ಸೊನ್ನೆ ಅಂದರೆ ನೋವೇ ಇಲ್ಲ, 10 ಅಂದರೆ ಜೀವ ಹೋಗುವಷ್ಟು. ಎಷ್ಟು? ಎರಡು ನಿಮಿಷ ಬಿಟ್ಟು ಮತ್ತೆ 5 ಸಲ, ಮತ್ತೆ ಅಂಕೆ. ಎರಡೆರಡು ಸಲ ಯಾಕೆಂದರೆ ಸ್ವಲ್ಪ ಅಲ್ಲಾಡಿದ್ದಕ್ಕೇ ಮಂಡಿ ಸಡಿಲವಾಗಿ ನೋವು ಇಳಿಯುತ್ತದೆ, ಅದರ ಪುಣ್ಯ ಟೇಪಿಗೆ ಸೇರಬಾರದು. ಎರಡನೇ ಅಂಕೆಯನ್ನು ಬರೆದಿಟ್ಟುಕೊಳ್ಳಿ.

ಈಗ 25 ಸೆಂಟಿಮೀಟರಿನ ಎರಡು ಪಟ್ಟಿ, 15 ಸೆಂಟಿಮೀಟರಿನ ಒಂದು ಪಟ್ಟಿ ಕತ್ತರಿಸಿ. ನಾಲ್ಕೂ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆ ಪ್ಯಾಂಟಿಗೆ ಸಿಕ್ಕಿ ಏಳುತ್ತದೆ. ಕುರ್ಚಿಯ ಅಂಚಿಗೆ ಕೂತು, ಮಂಡಿ ಲಂಬಕೋನಕ್ಕೆ ಬರುವ ಹಾಗೆ ಪಾದ ನೆಲಕ್ಕೂರಿ. ಮಂಡಿ ಮಡಿಸಿದಾಗ ಚರ್ಮ ಹಿಗ್ಗಿರುತ್ತದೆ. ಕಾಲು ಚಾಚಿಕೊಂಡು ಅಂಟಿಸಿದರೆ, ಎದ್ದು ಕೂತ ಮೊದಲ ಸಲಕ್ಕೇ ಟೇಪ್ ಜಗ್ಗಿ ಕಿತ್ತು ಬರುತ್ತದೆ.

ಮಂಡಿಚಿಪ್ಪಿನ ಕೆಳಗೆ ಬೆರಳಾಡಿಸಿದರೆ ಮೊಣಕಾಲ ಮೂಳೆಯ ಮೇಲೆ ಒಂದು ಉಬ್ಬು ಸಿಗುತ್ತದೆ. ಮೊದಲ ಉದ್ದ ಪಟ್ಟಿಯ ತುದಿಯ ಕಾಗದವನ್ನು ಮೂರು ಬೆರಳಗಲ ಹರಿದು ಬಿಡಿಸಿ, ಅಂಟಿನ ಕಡೆಗೆ ಬೆರಳು ತಾಗಿಸದೆ, ಉಬ್ಬಿನ ಕೆಳಗೆ ಎಳೆಯದೆ ಹಾಸಿ, ಅಂಗೈಯಿಂದ ಉಜ್ಜಿ. ಉಳಿದ ಕಾಗದವನ್ನು ಸ್ವಲ್ಪಸ್ವಲ್ಪವೇ ಬಿಡಿಸುತ್ತ, ಕಾಲು ಭಾಗದ ಎಳೆತದಲ್ಲಿ, ಚಿಪ್ಪಿನ ಒಳಅಂಚನ್ನು ಬಳಸಿಕೊಂಡು ತೊಡೆಯತ್ತ ಒಯ್ಯಿರಿ. ಟೇಪ್ ಚಿಪ್ಪಿನ ಮೇಲೆ ಹತ್ತಬಾರದು, ಪಕ್ಕದಲ್ಲಿ ಹಳ್ಳದ ದಂಡೆಯ ಹಾಗೆ ಹೋಗಬೇಕು. ಕೊನೆಯ ಮೂರು ಬೆರಳಗಲ ಮತ್ತೆ ಎಳೆತವಿಲ್ಲದೆ. ಎರಡನೇ ಪಟ್ಟಿ ಅದೇ ಉಬ್ಬಿನಿಂದ ಹೊರಅಂಚಿನ ಮೇಲೆ. ತೊಡೆಯ ಮೇಲೆ ಎರಡೂ ತುದಿ ಒಂದನ್ನೊಂದು ದಾಟಿದರೂ ಚಿಂತೆಯಿಲ್ಲ.

ಗಿಡ್ಡ ಪಟ್ಟಿಯ ಕಾಗದವನ್ನು ತುದಿಯಲ್ಲಿ ಹರಿಯದೆ ನಡುವಿನಲ್ಲಿ ಹರಿಯಿರಿ. ಎರಡೂ ಕಡೆ ಕಾಗದ ಹಿಡಿದು ನಡುಭಾಗವನ್ನಷ್ಟೇ ಅರ್ಧ ಎಳೆತಕ್ಕೆ ಹಿಗ್ಗಿಸಿ, ಚಿಪ್ಪಿನ ಕೆಳಗಿನ ಮೆತ್ತನೆಯ ಜಾಗದ ಮೇಲೆ ಅಡ್ಡಲಾಗಿ ಒತ್ತಿ. ತುದಿಗಳನ್ನು ಸುಮ್ಮನೆ ಹಾಸಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಕಾಲಿನ ಸುತ್ತ ಪೂರ್ತಿ ಸುತ್ತಬಾರದು, ಮಂಡಿಯ ಹಿಂಭಾಗದಲ್ಲಿ ರಕ್ತನಾಳ, ನರಗಳಿವೆ. ಕೊನೆಗೆ ಎಲ್ಲ ಪಟ್ಟಿಗಳನ್ನೂ ಅಂಗೈಯಿಂದ ಅರ್ಧ ನಿಮಿಷ ಚೆನ್ನಾಗಿ ಉಜ್ಜಿ. ಈ ಅಂಟು ಬಿಸಿಗೆ ಹಿಡಿಯುವಂಥದ್ದು.

ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಪಾದ ಜೋಮು ಹಿಡಿದರೆ, ಬೆರಳು ತಣ್ಣಗಾದರೆ, ಟೇಪಿನಡಿ ಉರಿದರೆ ತಕ್ಷಣ ತೆಗೆಯಿರಿ. ಇಲ್ಲದಿದ್ದರೆ ಕುರ್ಚಿಯಿಂದ ಮತ್ತೆ 5 ಸಲ ಎದ್ದು ಕೂತು ಅಂಕೆ ಹೇಳಿ. ಬರೆದಿಟ್ಟದ್ದಕ್ಕಿಂತ 2 ಅಂಕೆಯಾದರೂ ಇಳಿದಿದ್ದರೆ ಟೇಪ್ ಇರಲಿ. 6 ಇದ್ದದ್ದು 5 ಆದರೆ ನಾನು ಒಪ್ಪುವುದಿಲ್ಲ, ಅಷ್ಟು ವ್ಯತ್ಯಾಸ ಮನಸ್ಸಿನ ಲೆಕ್ಕದಲ್ಲೇ ಆಗುತ್ತದೆ. ತೆಗೆದುಬಿಡಿ, ದುಡ್ಡು ಉಳಿಯಿತು.

ಮೀನಖಂಡ, ಮತ್ತೊಂದು ಎಣಿಕೆ

ಮೀನಖಂಡಕ್ಕೆ ಒಂದೇ ಪಟ್ಟಿ ಸಾಕು. ಗೋಡೆಗೆ ಕೈಕೊಟ್ಟು, ನೋವಿನ ಕಾಲನ್ನು ಹಿಂದಿಟ್ಟು ಹಿಮ್ಮಡಿ ನೆಲಕ್ಕೆ ಒತ್ತಿ ನಿಲ್ಲಿ. ಇನ್ನೊಬ್ಬರು ಹಿಮ್ಮಡಿಯಿಂದ ಮಂಡಿಯ ಹಿಂದಿನ ಮಡಿಕೆಗೆ ನಾಲ್ಕು ಬೆರಳು ಕೆಳಗಿನವರೆಗೆ, ಕಾಲು ಭಾಗದ ಎಳೆತದಲ್ಲಿ ಅಂಟಿಸಬೇಕು. ತಾನೇ ಬಗ್ಗಿ ಅಂಟಿಸಿಕೊಂಡರೆ ಸೊಟ್ಟಗಾಗುತ್ತದೆ. ಭುಜಕ್ಕೆ ಮನೆಯಲ್ಲಿ ಪ್ರಯತ್ನಿಸಬೇಡಿ, ಫಿಸಿಯೊ ಹತ್ತಿರ ಹೋಗಿ. ಸೊಂಟಕ್ಕೆ ಎರಡು ಉದ್ದ ಪಟ್ಟಿ ಅಂಟಿಸಿಕೊಂಡು ದಿನವಿಡೀ ಕುರ್ಚಿಯಲ್ಲಿ ಕೂರುವವರಿಗೆ ನನ್ನ ಸಲಹೆ, ಅದೇ ಹಣದಲ್ಲಿ ಒಂದು ವಾರ ಎದ್ದು ಓಡಾಡಿದರೆ ಕಾಫಿಗೂ ಮಿಗುತ್ತದೆ.

ಕಪ್ಪು ಟೇಪಿನ ಪಾಠ ಮಾಡಿದ ಹುಡುಗನಿಗೆ ಒಂದು ಪರೀಕ್ಷೆ ಮಾಡಿದೆ. ಗೋಡೆ ಹಿಡಿದು ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತು ಅಂದೆ. ಎಡಗಾಲಲ್ಲಿ 26 ಎತ್ತಿದ. ಬಲಗಾಲಲ್ಲಿ 14ಕ್ಕೆ ನಡುಗಿತು. ಹೋದ ವರ್ಷ ಅದೇ ಕಾಲು ಉಳುಕಿತ್ತಂತೆ, ನಾಟಿ ಪಟ್ಟು ಹಾಕಿಸಿ ಮೂರು ವಾರ ಸುಮ್ಮನಿದ್ದನಂತೆ, ನೋವು ಹೋಯಿತು ಅಂತ ಮರೆತಿದ್ದ. ಅವನಾಸೆಯಂತೆ ಕಪ್ಪು ಟೇಪೇ ಹಾಕಿದೆ. ಹತ್ತು ನಿಮಿಷ ಸುಧಾರಿಸಿಕೊಂಡು ಮತ್ತೆ ಎತ್ತಿದ. 14. ಮುಖ ನೋಡಬೇಕಿತ್ತು. ಟೇಪ್ ತೆಗೆಯಲಿಲ್ಲ, ಇರಲಿ ಅಂದೆ. ದಿನ ಬಿಟ್ಟು ದಿನ ಮೂರು ಸುತ್ತು, ಸುತ್ತಿಗೆ ಹತ್ತು ಎತ್ತುವಂತೆ ಹೇಳಿ, ವಾರಕ್ಕೊಮ್ಮೆ ಎಣಿಸಿ ಬರೆಸಿದೆ. ಎರಡು ತಿಂಗಳಿಗೆ 23ಕ್ಕೆ ಬಂದ. ಟೇಪ್ ಮೊದಲ ವಾರದಲ್ಲೇ ಉದುರಿತ್ತು.

ಮಂಡಿನೋವಿನವರೂ ಇದನ್ನೇ ಮಾಡಬೇಕು. ಟೇಪ್ ಹಾಕಿ ನೋವು ಇಳಿದ ಹೊತ್ತಲ್ಲಿ ಕುರ್ಚಿಯಿಂದ ಎದ್ದು ಕೂರುವುದನ್ನು 10ರಂತೆ ಮೂರು ಸುತ್ತು, ಇಳಿಯುವಾಗ ಮೂರು ಎಣಿಸುವಷ್ಟು ನಿಧಾನವಾಗಿ. ನೋವು 10ಕ್ಕೆ 3 ದಾಟದಷ್ಟು, ಮರುದಿನ ಬೆಳಗ್ಗೆ ಹೆಚ್ಚದಷ್ಟು. ಸಲೀಸಾದಾಗ ಕೈಯಲ್ಲಿ ನೀರಿನ ಕ್ಯಾನ್ ಹಿಡಿದು. ಟೇಪ್ ಇರುವ ಧೈರ್ಯಕ್ಕೆ ಇನ್ನೆರಡು ಪಂದ್ಯ ಹೆಚ್ಚು ಆಡಿಬಿಡುವುದು ಬೇಡ. ನೋವು ಕಮ್ಮಿಯಾದರೆ ಒಳಗಿನದು ವಾಸಿಯಾಯಿತೆಂದಲ್ಲ, ಆ ಎಡವಟ್ಟಿನಿಂದ ಮತ್ತೆ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕೀಳುವುದು

ಮೂರರಿಂದ ಐದು ದಿನ ಇರಬಹುದು. ಸ್ನಾನ ಮಾಡಬಹುದು, ಒದ್ದೆಯಾದರೆ ಟವೆಲಿನಿಂದ ಒತ್ತಿ ಒಣಗಿಸಿ. ಹೇರ್ ಡ್ರೈಯರ್ ಹಿಡಿಯಬೇಡಿ, ಅಂಟು ಇನ್ನೂ ಕಚ್ಚಿಕೊಳ್ಳುತ್ತದೆ. ತುದಿ ಎದ್ದರೆ ಎದ್ದಷ್ಟನ್ನು ಕತ್ತರಿಸಿ. ತುರಿಕೆ ಶುರುವಾದರೆ ದಿನದ ಲೆಕ್ಕ ನೋಡದೆ ತೆಗೆಯಿರಿ.

ಮುಂಚೆ ಶತ್ರುವಾಗಿದ್ದ ಕೊಬ್ಬರಿ ಎಣ್ಣೆ ಈಗ ನೆಂಟ. ಟೇಪಿನ ಮೇಲೆಲ್ಲ ಧಾರಾಳವಾಗಿ ಸವರಿ ಹತ್ತು ನಿಮಿಷ ಬಿಡಿ. ಮೇಲಿನ ತುದಿಯಿಂದ, ಕೂದಲು ಬೆಳೆದ ದಿಕ್ಕಿಗೆ, ಟೇಪನ್ನು ಚರ್ಮಕ್ಕೆ ಒರಗಿಸಿಕೊಂಡು ಮಡಿಸುತ್ತ ಬನ್ನಿ. ಇನ್ನೊಂದು ಕೈಯ ಬೆರಳಿಂದ ಚರ್ಮವನ್ನು ಟೇಪಿನಿಂದ ಆಚೆ ಒತ್ತುತ್ತಿರಿ. ಟೇಪನ್ನು ಚರ್ಮದಿಂದ ಕೀಳುವ ಬದಲು ಚರ್ಮವನ್ನು ಟೇಪಿನಿಂದ ಬಿಡಿಸಿದ ಹಾಗೆ. ಒಂದೇ ಏಟಿಗೆ ಸರ್ರನೆ ಎಳೆಯುವ ಶೂರತನ ಬೇಡ. ಮತ್ತೆ ಹಾಕುವ ಮುಂಚೆ ಚರ್ಮಕ್ಕೆ ಒಂದು ದಿನವಾದರೂ ರಜೆ ಕೊಡಿ.

ಉಳಿದ ರೋಲನ್ನು ಬೈಕಿನ ಸೀಟಿನ ಕೆಳಗೆ ಹಾಕಿ ಬಿಸಿಲಲ್ಲಿ ನಿಲ್ಲಿಸಬೇಡಿ. ಅಂಟು ಕಾಗದಕ್ಕೇ ಕಚ್ಚಿಕೊಂಡು ಮುಂದಿನ ಸಲ ಬಿಡಿಸುವಷ್ಟರಲ್ಲಿ ಪಂದ್ಯದ ಮೊದಲರ್ಧ ಮುಗಿದಿರುತ್ತದೆ.